ನಂಬರ್ ಇಲ್ಲದ ಓಟ

ಶನಿವಾರ ಸಂಜೆ ಗಿರಿರಾಜ್ ಕಿತ್ತಳೆ ಬಣ್ಣದ ಟೀ ಶರ್ಟುಗಳನ್ನು ತಂದು ಸೋಫಾದ ಮೇಲೆ ಹಾಕಿದಾಗ ಅವನ ತಾಯಿ ಜಗದಾಂಬಾ ನಡುಮನೆಯ ನೆಲದ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದಳು. ಮಾರನೆಯ ಬೆಳಿಗ್ಗೆ ಬಸವೇಶ್ವರನಗರದಲ್ಲಿ ಓಟವಿತ್ತು. ಮನೆಮಂದಿಯೆಲ್ಲ ಸೇರಿ ಐದು ಕಿಲೋಮೀಟರ್ ಓಡಬಹುದು, ಓಡಲಾಗದವರು ನಡೆಯಬಹುದು. ಡಿಸೆಂಬರ್ ಬಂತೆಂದರೆ ಈಗ ಊರಿನಲ್ಲಿ ಇಂಥದೊಂದು ಓಟವಿಲ್ಲದ ಭಾನುವಾರವೇ ಇಲ್ಲ.

ಮೊಮ್ಮಗಳು ಕೀರ್ತನಾ ತನ್ನ ಶರ್ಟನ್ನು ಹಾಕಿಕೊಂಡಿದ್ದ ಫ್ರಾಕಿನ ಮೇಲೇ ತೊಟ್ಟು ಕುಣಿದಳು. ಸೊಸೆ ರಮ್ಯ ತನ್ನದನ್ನು ಮೈಗೆ ಹಿಡಿದು ಅಳತೆ ನೋಡಿಕೊಂಡಳು. ಜಗದಾಂಬಾಳ ಗಂಡ ಚನ್ನಮಲ್ಲಪ್ಪ ತನ್ನದನ್ನು ಎಳೆದೆಳೆದು ನೋಡಿ, "ಸ್ವೆಟರ್ ಮೇಲೆ ಹಾಕ್ಬೇಕು ಕಣೋ, ಬಿಗಿ ಆಗುತ್ತೇನೋ" ಅಂದ. ಉಳಿದ ಒಂದು ಗಿರಿರಾಜನ ಹೆಗಲ ಮೇಲಿತ್ತು.

ಜಗದಾಂಬಾ ಸೆರಗಿಗೆ ಕೈ ಒರೆಸಿಕೊಂಡು ಕವರಿನೊಳಗೆ ಇಣುಕಿದಳು. ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಗಳಿದ್ದವು, ಪಿನ್ನುಗಳಿದ್ದವು. ಶರ್ಟ್ ಇರಲಿಲ್ಲ.

"ನಂದೆಲ್ಲೋ ಗಿರಿ?"

ಗಿರಿರಾಜನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಂದಾ? ಫ್ಯಾಮಿಲಿ ಪ್ಯಾಕ್ ಅಂದ್ರೆ ನಾಲ್ಕೇ ಜನ ಅಮ್ಮಾ. ನೀನ್ ಹೆಂಗೂ ಓಡಲ್ಲ. ಬ್ಯಾಗ್ ನೋಡ್ಕೊಳ್ಳೋಕೂ ಒಬ್ರು ಬೇಕಲ್ಲ."

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಜಗದಾಂಬಾಳನ್ನು ಚುಚ್ಚಿದ್ದು. ಬೇಕೆಂದು ಬಿಟ್ಟಿದ್ದರೆ ಜಗಳವಾಡಬಹುದಿತ್ತು. ಇದು ಹಾಗಲ್ಲ, ಅವಳು ಯಾರ ನೆನಪಿಗೂ ಬಂದಿರಲಿಲ್ಲ.

ಯೋಚಿಸಿದರೆ ಇದೇನು ಹೊಸದೂ ಅಲ್ಲ. ಮೈಸೂರು ಝೂಗೆ ಹೋದಾಗ ಮನೆಯವರೆಲ್ಲ ಹುಲಿ ನೋಡಿ ಬಂದರು, ಜಗದಾಂಬಾ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಎಲ್ಲರ ಚೀಲ, ನೀರಿನ ಬಾಟಲಿ, ಸ್ವೆಟರುಗಳ ನಡುವೆ ಕೂತಿದ್ದಳು. ನಂದಿಬೆಟ್ಟಕ್ಕೆ ಹೋದಾಗ ಅವಳು ಕಂಡದ್ದು ಕಾರು ನಿಲ್ಲಿಸುವ ಜಾಗ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಗಾಜಿನ ಮನೆಯ ಮುಂದೆ ಸಾಲು ಉದ್ದವಿತ್ತು. "ನೀನಿಲ್ಲೇ ಕೂತಿರು, ನಾವು ಬೇಗ ಬಂದ್ಬಿಡ್ತೀವಿ" ಅಂದಿದ್ದ ಚನ್ನಮಲ್ಲಪ್ಪ. ಹೋಗುವ ಹಿಂದಿನ ರಾತ್ರಿ ಬುತ್ತಿಗೆ ಅಣಿ ಮಾಡುವುದು ಅವಳು, ಬಂದ ಮೇಲೆ ಡಬ್ಬಿ ತೊಳೆಯುವುದೂ ಅವಳು. ಹೋಗಿದ್ದು ಮಾತ್ರ ಬೇರೆಯವರು ಅನ್ನಿಸುತ್ತಿತ್ತು.

ಅಷ್ಟಕ್ಕೂ ಓಡಲ್ಲ ಅಂದರೆ? ಗಿರಿರಾಜ್ ಕೈಗೂಸಾಗಿದ್ದಾಗ ಅವರು ದೀಪಾಂಜಲಿ ನಗರದಲ್ಲಿ ಬಾಡಿಗೆಗಿದ್ದರು. ಜಗದಾಂಬಾ ನಾಯಂಡಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಡುಗೆ ಮಾಡಿ, ಗಂಡನಿಗೆ ಡಬ್ಬಿ ಕಟ್ಟಿ, ಮಗುವನ್ನು ಪಕ್ಕದ ಮನೆಗೆ ಬಿಟ್ಟು ಹೊರಡುವ ಹೊತ್ತಿಗೆ ಯಾವಾಗಲೂ ತಡ. ಮೈಸೂರು ರಸ್ತೆಯ ಲಾರಿಗಳ ಪಕ್ಕದಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಫ್ಯಾಕ್ಟರಿಯ ಗೇಟು ಹಾಕುವ ಮೊದಲು ಒಳಗೆ ನುಗ್ಗಬೇಕಿತ್ತು. ವರ್ಷಗಟ್ಟಲೆ ಹಾಗೆ ಓಡಿದ್ದಳು. ಅದಕ್ಕೆ ಯಾರೂ ಓಟ ಅನ್ನಲಿಲ್ಲ, ಶರ್ಟೂ ಕೊಡಲಿಲ್ಲ.

ಇದನ್ನೆಲ್ಲ ಅವಳು ಹೇಳಲಿಲ್ಲ. "ಸರಿ" ಎಂದು ಮತ್ತೆ ಅವರೆಕಾಳಿನ ಮುಂದೆ ಕೂತಳು.

ಬೆಳಿಗ್ಗೆ ಸುಂಕದಕಟ್ಟೆಯ ಮನೆಯಿಂದ ಹೊರಟಾಗ ಮಾಗಡಿ ರಸ್ತೆಯ ಮೇಲೆ ಮಂಜು ಕವಿದಿತ್ತು. ಓಟ ಮುಗಿಸಿ ಕೆಂಗೇರಿ ಆಚೆಯ ದೊಡ್ಡ ಆಲದ ಮರಕ್ಕೆ ಹೋಗುವುದೆಂದು ಮಾತಾಗಿತ್ತು. ಹಾಗಾಗಿ ಚಿತ್ರಾನ್ನ, ಮೊಸರನ್ನದ ಡಬ್ಬಿಗಳೂ ಜೊತೆಗಿದ್ದವು. ರಸ್ತೆಗಳನ್ನು ಮುಚ್ಚಿದ್ದರಿಂದ ಕಾರನ್ನು ದೂರದ ಅಡ್ಡರಸ್ತೆಯಲ್ಲಿ ಬಿಟ್ಟು, ಚೀಲಗಳನ್ನೆಲ್ಲ ಹೊತ್ತು ಮೈದಾನಕ್ಕೆ ನಡೆದರು.

ಮೈದಾನದಲ್ಲಿ ಜಾತ್ರೆಯಷ್ಟು ಜನ. ವೇದಿಕೆಯ ಮೇಲೆ ಒಬ್ಬಳು ಕೈಕಾಲು ಬೀಸಿ ಜನರನ್ನು ಕುಣಿಸುತ್ತಿದ್ದಳು, ಸ್ಪೀಕರಿನ ಸದ್ದಿಗೆ ಎದೆ ಗುದ್ದಿದಂತಾಗುತ್ತಿತ್ತು. ಮುದುಕರು, ಮಕ್ಕಳು, ಕೈಗಾಡಿಯಲ್ಲಿ ಕೂಸನ್ನು ತಂದ ಗಂಡಹೆಂಡಿರು, ಎಲ್ಲರೂ ಕಿತ್ತಳೆ. ಗಾಳಿ ತುಂಬಿದ ದೊಡ್ಡ ಕಮಾನಿನ ಕೆಳಗೆ ಓಟ ಶುರುವಾಗಬೇಕಿತ್ತು. ಪಕ್ಕದಲ್ಲಿ ಚೀಲ ಇಡಲು ಒಂದು ಶಾಮಿಯಾನ ಹಾಕಿದ್ದರು. ರಮ್ಯ ಅದನ್ನು ತೋರಿಸಿ, "ಅಲ್ಲೇ ಇಡೋಣ್ವೇನ್ರಿ?" ಎಂದಳು.

"ಆ ಕ್ಯೂ ನೋಡು. ಅಮ್ಮ ಇದಾಳಲ್ಲ" ಎಂದ ಗಿರಿರಾಜ್.

ಚೀಲಗಳು ಜಗದಾಂಬಾಳ ಕಾಲ ಬಳಿ ಬಂದು ಬಿದ್ದವು. ಕೀರ್ತನಾಳ ಜಾಕೆಟ್, ರಮ್ಯಳ ವ್ಯಾನಿಟಿ ಬ್ಯಾಗ್, ಊಟದ ಚೀಲ, ಚನ್ನಮಲ್ಲಪ್ಪನ ಮಫ್ಲರ್. ಗಿರಿರಾಜ್, ರಮ್ಯ, ಕೀರ್ತನಾ ಕಮಾನಿನ ಕಡೆ ಓಡಿಹೋದರು. ಚನ್ನಮಲ್ಲಪ್ಪ ಮಾತ್ರ ಹಿಂದೆ ಉಳಿದು, ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಾ, "ಎಲ್ಲೂ ಎದ್ದು ಹೋಗ್ಬೇಡ. ಕಳ್ಳಕಾಕರಿರ್ತಾರೆ" ಎಂದ.

ಜಗದಾಂಬಾ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯೊಂದರ ಕಡೆ ನೋಡಿದಳು. ಕುರ್ಚಿಯ ಮೇಲೆ ಇಬ್ಬನಿ ನಿಂತಿತ್ತು. ಅದನ್ನು ಒರೆಸಲು ಸೆರಗು ಎತ್ತಿದವಳ ಕೈ ಅಲ್ಲೇ ನಿಂತಿತು. ಒರೆಸಿದರೆ ಕೂರಬೇಕಾಗುತ್ತದೆ ಅನ್ನಿಸಿತು. ಒಂದು ಸಲ ಕೂತರೆ ಇವರು ಬರುವವರೆಗೂ ಏಳುವಂತಿಲ್ಲ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ರೀ, ನೀವಿಲ್ಲಿ ಕೂತ್ಕೊಳ್ಳಿ."

"ಯಾಕೆ, ಬಾತ್‌ರೂಮಿಗೆ ಹೋಗ್ಬೇಕಾ? ಬೇಗ ಬಾ, ಶುರು ಆಗ್ಬಿಡುತ್ತೆ."

"ಇಲ್ಲ, ನಾನೂ ಹೋಗ್ತೀನಿ. ಓಡೋಕೆ."

ಚನ್ನಮಲ್ಲಪ್ಪ ನಕ್ಕ. ಅವಳು ನಗಲಿಲ್ಲವಾದ್ದರಿಂದ ಅವನ ನಗುವೂ ಅರ್ಧಕ್ಕೆ ನಿಂತಿತು. "ತಲೆ ಕೆಟ್ಟಿದೆಯಾ ನಿನಗೆ? ನಂಬರ್ ಎಲ್ಲಿದೆ? ಶೂ ಎಲ್ಲಿದೆ? ಈ ಚಪ್ಪಲಿ ಹಾಕ್ಕೊಂಡು, ಸೀರೆ ಉಟ್ಕೊಂಡು... ನೋಡಿದೋರು ನಗ್ತಾರೆ ಕಣೇ."

"ನಗ್ಲಿ ಬಿಡಿ."

"ಎಲ್ಲಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ?"

"ಬಿದ್ರೆ ಏಳ್ತೀನಿ. ಬ್ಯಾಗ್ ಹುಷಾರು, ಕಳ್ಳಕಾಕರಿರ್ತಾರಂತೆ."

ಅವಳು ನಡೆದೇಬಿಟ್ಟಳು. ಹಿಂದಿನಿಂದ "ಜಗದಾ! ಏ ಜಗದಾ!" ಎಂದು ಕೂಗಿದ್ದು ಕೇಳಿಸಿತು. ಬೆನ್ನ ಹಿಂದೆ ಬರುತ್ತಾನೇನೋ ಅಂದುಕೊಂಡಳು. ಬರಲಿಲ್ಲ. ಚೀಲಗಳನ್ನು ಬಿಟ್ಟು ಬರಲು ಅವನಿಂದಾಗಲಿಲ್ಲ. ಅಷ್ಟರಲ್ಲಿ ವೇದಿಕೆಯಿಂದ ಒಬ್ಬ ಒಂದು, ಎರಡು ಎಂದು ಕೂಗಿದ, ಜನರ ದಂಡು ಮುಂದಕ್ಕೆ ಸರಿಯಿತು, ಆ ನೂಕಿನಲ್ಲಿ ಜಗದಾಂಬಾಳೂ ಕಮಾನು ದಾಟಿ ರಸ್ತೆಗೆ ಬಂದಿದ್ದಳು.

ಮೊದಲು ಅವಳಿಗೆ ಗೊತ್ತಾದದ್ದು ಕಾಲು ಮರೆತಿಲ್ಲ ಎಂಬುದು. ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಓಡುವ ಆ ಹಳೆಯ ಓಟ ತಾನಾಗಿಯೇ ಬಂತು. ಎರಡನೆಯದಾಗಿ ಗೊತ್ತಾದದ್ದು ಉಸಿರು ಹಳೆಯದಲ್ಲ ಎಂಬುದು. ಮೊದಲ ತಿರುವು ಬರುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡಿತು, ಗಂಟಲಲ್ಲಿ ಚಳಿಗಾಳಿ ಗೀರಿದಂತಾಯಿತು. ನಡೆದಳು. ಉಸಿರು ಬಂದಮೇಲೆ ಮತ್ತೆ ಓಡಿದಳು. ಯಾರೋ ನಕ್ಕರು, ಯಾರೋ "ಸೂಪರ್ ಆಂಟಿ!" ಎಂದು ಫೋನ್ ಹಿಡಿದರು. ಅವಳು ಯಾರ ಕಡೆಗೂ ನೋಡಲಿಲ್ಲ.

ಎರಡು ಅಡ್ಡರಸ್ತೆ ದಾಟಿದ ಮೇಲೆ ಹಳದಿ ಜಾಕೆಟ್ ತೊಟ್ಟ ದಪ್ಪ ಮೀಸೆಯವನೊಬ್ಬ ಸೀಟಿ ಊದುತ್ತಾ ಅಡ್ಡ ಬಂದ. ಓಟ ಏರ್ಪಡಿಸಿದ ಸಂಘದವನೇ ಇರಬೇಕು.

"ಅಮ್ಮಾ, ನಿಲ್ಲಿ ನಿಲ್ಲಿ. ನಿಮ್ ನಂಬರ್ ಎಲ್ಲಿ?"

"ಇಲ್ಲ."

"ನಂಬರ್ ಇಲ್ದೆ ಓಡೋ ಹಾಗಿಲ್ಲಮ್ಮ. ರಿಜಿಸ್ಟರ್ ಮಾಡಿಸಿರಬೇಕು. ದಯವಿಟ್ಟು ಫುಟ್‌ಪಾತಿಗೆ ಹೋಗಿ."

ಜಗದಾಂಬಾ ಏದುಸಿರು ಬಿಡುತ್ತಾ ಆ ಕಡೆ ಈ ಕಡೆ ನೋಡಿದಳು. ಒಂದು ಬದಿಯಲ್ಲಿ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸದ ಗುಡ್ಡೆ, ಆಮೇಲೆ ಸಾಲಾಗಿ ನಿಂತ ಸ್ಕೂಟರುಗಳು. ಇನ್ನೊಂದು ಬದಿಯಲ್ಲಿ ಚಪ್ಪಡಿ ಕಿತ್ತ ಮೋರಿ, ಅದರಾಚೆ ಯಾರದೋ ಮನೆಯ ಮೆಟ್ಟಿಲು.

"ಎಲ್ಲಿದೆ ತೋರ್ಸಿ. ಹೋಗ್ತೀನಿ."

"ಏನು?"

"ಫುಟ್‌ಪಾತು."

ಹಿಂದೆ ಬರುತ್ತಿದ್ದ ನಾಲ್ಕಾರು ಜನ ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು. ಆದರೂ ಜಾಗ ಬಿಡಲಿಲ್ಲ. "ಹಾಗಲ್ಲಮ್ಮ, ನಿಮಗೇ ಹೇಳ್ತಿರೋದು. ವಯಸ್ಸಾಗಿದೆ. ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತೆ. ಯಾರು ಜವಾಬ್ದಾರಿ?"

"ನಾನೇ ಜವಾಬ್ದಾರಿ. ನನ್ನ ಕಾಲು, ನನ್ನ ಉಸಿರು. ನಿಮ್ಮ ಹತ್ರ ನೀರೂ ಕೇಳಿಲ್ಲ ನಾನು."

"ಮುಂದೆ ಫಿನಿಶ್ ಹತ್ರ ಬಿಡಲ್ಲ ನಿಮ್ಮನ್ನ. ನಾನು ಹೇಳ್ತೀನಿ ಅವರಿಗೆ."

"ಹೇಳಿ" ಎಂದವಳೇ ಅವನ ತೋಳಿನ ಪಕ್ಕದಿಂದ ನುಸುಳಿ ಹೊರಟಳು. ಅವನು ಹಿಂದಿನಿಂದ ಸೀಟಿ ಊದಿದ. ಆ ಸೀಟಿಗೆ ಯಾಕೋ ಅವಳ ಕಾಲು ಇನ್ನಷ್ಟು ಚುರುಕಾಯಿತು.

ಹೂವು ಮಾರುವ ಸರ್ಕಲ್ ಹತ್ತಿರ ರಸ್ತೆಯ ನಡುಗಟ್ಟೆಯ ಮೇಲೆ ಕೀರ್ತನಾ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಶುರುವಿನಲ್ಲೇ ಬಿದ್ದಂಬೀಳ ಓಡಿ ಸುಸ್ತಾಗಿದ್ದಳು. ರಮ್ಯ ಪಕ್ಕದಲ್ಲಿ ಬಗ್ಗಿ ಬೆನ್ನು ಸವರುತ್ತಿದ್ದಳು. ಗಿರಿರಾಜ್ ಕಾಣಲಿಲ್ಲ, ಮುಂದೆ ಹೋಗಿದ್ದ. ಬೆವೆತ ಮುಖದ, ಸೀರೆ ಎತ್ತಿ ಹಿಡಿದ ಅತ್ತೆಯನ್ನು ಕಂಡು ರಮ್ಯಳ ಬಾಯಿಂದ ಬಂದ ಮೊದಲ ಮಾತು, "ಅತ್ತೆ! ಬ್ಯಾಗು?"

"ನಿಮ್ಮ ಮಾವನ ಹತ್ರ ಇದೆ."

"ಮಾವ ಓಡ್ಬೇಕಿತ್ತಲ್ಲ?"

"ನಾನೂ ಓಡ್ಬೇಕಿತ್ತು."

ರಮ್ಯ ಕೀರ್ತನಾಳ ಬೆನ್ನಿನಿಂದ ಕೈ ತೆಗೆದು ನೆಟ್ಟಗೆ ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ, "ಅತ್ತೆ, ನಿಮಗೇನಾದ್ರೂ ಆದ್ರೆ ಇವರು ನನ್ನನ್ನೇ ಅನ್ನೋದು. ಯಾಕೆ ಬಿಟ್ಟೆ, ಯಾಕೆ ನೋಡ್ಕೊಳ್ಳಲಿಲ್ಲ ಅಂತ. ನಿಮಗೆ ಗೊತ್ತಲ್ಲ" ಎಂದಳು.

ಗೊತ್ತಿತ್ತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಜಗದಾಂಬಾ ಒಂದು ಕ್ಷಣ ಅಳುಕಿದಳು. "ಹಾಗೇನಾದ್ರೂ ಅಂದ್ರೆ, ಅತ್ತೆ ನನ್ನ ಮಾತು ಕೇಳಲಿಲ್ಲ ಅನ್ನು. ಅದು ನಿಜಾನೇ ಅಲ್ವಾ" ಎಂದಳು.

ಕೀರ್ತನಾ ಅಷ್ಟರಲ್ಲಿ ಎದ್ದು ನಿಂತಿದ್ದಳು. "ಅಜ್ಜಿ, ನೀನು ಓಡ್ತಿದೀಯಾ? ನಿಜವಾಗ್ಲೂ? ನನ್ನ ನಂಬರ್ ಬೇಕಾ?" ಎಂದು ಎದೆಯ ಪಿನ್ನಿಗೆ ಕೈಹಾಕಿದಳು.

"ಬೇಡ ಪುಟ್ಟಿ. ನಿಂದು ನಿನಗಿರ್ಲಿ. ಬಾ, ಹೋಗೋಣ. ಜೋರಾಗಿ ಓಡ್ಬೇಡ. ನನ್ನ ಜೊತೆ ಹೆಜ್ಜೆ ಹಾಕು."

ಅಜ್ಜಿ ಮೊಮ್ಮಗಳು ಹೊರಟರು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಶೂಗಳ ಸದ್ದು ಕೇಳಿಸಿತು. ರಮ್ಯ ಬಂದು ಜಗದಾಂಬಾಳ ಇನ್ನೊಂದು ಪಕ್ಕಕ್ಕೆ ಸೇರಿಕೊಂಡಳು. ಜಗದಾಂಬಾ ನಿಂತಾಗ ನಿಂತಳು, ಓಡಿದಾಗ ಓಡಿದಳು.

ಬಿಸಿಲು ಏರಿ ಮಂಜು ಹರಿಯಿತು. ಚಪ್ಪಲಿ ಉಜ್ಜಿ ಹೆಬ್ಬೆರಳಿನ ಸಂದಿಯಲ್ಲಿ ಚರ್ಮ ಕಿತ್ತಿತ್ತು. ಮಂಡಿಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದಂತಿತ್ತು. ಇಲ್ಲೇ ಆಟೋ ಹತ್ತಿಬಿಡೋಣ ಎಂದು ಎರಡು ಸಲವಾದರೂ ಅನ್ನಿಸಿತು. ಆಗೆಲ್ಲ ಆ ಇಬ್ಬನಿ ಕೂತ ಕುರ್ಚಿ ಕಣ್ಣಮುಂದೆ ಬರುತ್ತಿತ್ತು, ಅವಳು ಹಲ್ಲು ಕಚ್ಚಿ ಇನ್ನೊಂದು ಕಂಬದವರೆಗೆ ಓಡುತ್ತಿದ್ದಳು.

ಕಮಾನು ಕಂಡಾಗ ಎರಡೂ ಕಡೆ ಹಗ್ಗ ಕಟ್ಟಿದ ದಾರಿ ಶುರುವಾಯಿತು. ಅದರ ಬಾಯಲ್ಲೇ ಗಿರಿರಾಜ್ ನಿಂತಿದ್ದ. ಕೊರಳಲ್ಲಿ ಪದಕ, ಮುಖದಲ್ಲಿ ಸಿಟ್ಟು. ಪಕ್ಕದಲ್ಲಿ ಹಳದಿ ಜಾಕೆಟಿನ ಇನ್ನೊಬ್ಬ.

"ಅಮ್ಮಾ, ಏನಿದು? ಅಪ್ಪ ಯಾರದೋ ಫೋನಿಂದ ಕಾಲ್ ಮಾಡಿದ್ರು. ಅಲ್ಲಿ ಒಬ್ರೇ ಕೂತಿದಾರೆ. ನನಗೆಷ್ಟು ಗಾಬರಿ ಆಯ್ತು ಗೊತ್ತಾ? ಬಾ ಈ ಕಡೆ. ಇವರು ಬಿಡಲ್ಲ ಅಂತಿದಾರೆ, ಸೀನ್ ಮಾಡ್ಬೇಡ" ಎಂದು ಅವಳ ಮೊಳಕೈ ಹಿಡಿದು ಹಗ್ಗದಾಚೆಗೆ ಎಳೆದ.

"ಕೈ ಬಿಡು, ಗಿರಿ."

"ಅಮ್ಮಾ..."

"ಕೈ ಬಿಡು ಅಂದೆ."

ಅವಳ ದನಿ ಏರಿರಲಿಲ್ಲ. ಆದರೆ ಅವನು ಚಿಕ್ಕವನಿದ್ದಾಗ ಒಲೆಯ ಹತ್ತಿರ ಹೋದರೆ ಬರುತ್ತಿದ್ದ ದನಿ ಅದು. ಗಿರಿರಾಜನ ಬೆರಳುಗಳು ಸಡಿಲವಾದವು. ಹಳದಿ ಜಾಕೆಟಿನವನು ಏನೋ ಹೇಳಲು ಬಾಯಿ ತೆರೆದ. ರಮ್ಯ ಅವನಿಗೂ ಜಗದಾಂಬಾಳಿಗೂ ನಡುವೆ ಬಂದು, "ನಮ್ಮ ಅತ್ತೆ ಸಾರ್. ನಮ್ಮ ಜೊತೆ ಬರ್ತಿದಾರೆ" ಎಂದಳು. ಅವನು ಏನು ಮಾಡುವುದೆಂದು ತೋಚದೆ ತಲೆ ಕೆರೆದುಕೊಳ್ಳುವಷ್ಟರಲ್ಲಿ ಮೂವರೂ ಮುಂದೆ ಹೋಗಿದ್ದರು.

ಕಮಾನಿನ ಕೆಳಗೆ ಜಗದಾಂಬಾ ನಡೆಯಲಿಲ್ಲ. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಓಡಿಯೇ ದಾಟಿದಳು.

ಪದಕ ಕೊಡುತ್ತಿದ್ದ ಹುಡುಗಿ ಕೀರ್ತನಾಳಿಗೆ ಒಂದು, ರಮ್ಯಳಿಗೆ ಒಂದು ಹಾಕಿ, ಜಗದಾಂಬಾಳ ಎದೆ ನೋಡಿ ತಡವರಿಸಿದಳು. "ಸಾರಿ ಆಂಟಿ, ನಂಬರ್ ಇದ್ದೋರಿಗೆ ಮಾತ್ರ..."

"ನಾನು ಕೇಳಲಿಲ್ವಲ್ಲಮ್ಮ" ಎಂದಳು ಜಗದಾಂಬಾ. ಅಳು ಬರುತ್ತದೇನೋ ಅಂದುಕೊಂಡಿದ್ದಳು. ಬಂದದ್ದು ನಗು. ಸೊಂಟಕ್ಕೆ ಕೈಯಿಟ್ಟು ನಿಂತು ನಕ್ಕಳು.

ಚನ್ನಮಲ್ಲಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ಕುರ್ಚಿಯ ಮೇಲೆ, ಮಫ್ಲರ್ ಸುತ್ತಿಕೊಂಡು, ಚೀಲಗಳ ನಡುವೆ ಕೂತಿದ್ದ. ಎದೆಯ ಮೇಲೆ ನಂಬರ್ ಹಾಗೇ ಇತ್ತು. ಅವಳನ್ನು ಕಂಡವನೇ ಎದ್ದು ನಿಂತ.

"ಬಂದ್ಯಾ? ಖುಷಿ ಆಯ್ತಾ? ನನ್ನ ಮರ್ಯಾದೆ ಕಳೆದೆ. ಹೋಗೋರೆಲ್ಲ ಕೇಳ್ತಾರೆ, ಯಾಕೆ ಸಾರ್ ನೀವು ಓಡಲ್ವಾ ಅಂತ. ಏನು ಹೇಳ್ಲಿ ನಾನು? ಕಾಯೋ ನಾಯಿ ಥರ ಕೂತಿದೀನಿ ಇಲ್ಲಿ!"

ಸುತ್ತಲಿನ ಕೆಲವರು ತಿರುಗಿ ನೋಡಿದರು. ಜಗದಾಂಬಾ ಅವನ ಮುಖವನ್ನೇ ನೋಡುತ್ತಾ ನಿಂತಳು.

"ಇವತ್ತೊಂದಿನ ಕೂತಿದ್ದಕ್ಕೇ ನಿಮಗೆ ಇಷ್ಟು ಉರೀತಲ್ಲ" ಎಂದಳು. "ನಾನು ಮದುವೆಯಾದಾಗಿನಿಂದ ಕೂತಿದೀನಿ. ನನ್ನನ್ನ ಯಾರೂ ಕೇಳಲಿಲ್ಲ, ಯಾಕಮ್ಮ ನೀವು ಹೋಗಲ್ವಾ ಅಂತ. ನೀವೂ ಕೇಳಲಿಲ್ಲ."

ಗಿರಿರಾಜ್ ಊಟದ ಚೀಲ ಎತ್ತಿಕೊಂಡು ಗಡುಸಾಗಿ, "ಸಾಕು ನಡೀರಿ. ಆಲದ ಮರಾನೂ ಬೇಡ, ಏನೂ ಬೇಡ. ಮೂಡೇ ಹೋಯ್ತು. ಮನೆಗೆ ಹೋಗೋಣ" ಎಂದ.

ಕೀರ್ತನಾಳ ಮುಖ ಇಳಿದುಹೋಯಿತು. ಜಗದಾಂಬಾ ಮಗನ ಕೈಯಿಂದ ಊಟದ ಚೀಲ ತೆಗೆದುಕೊಂಡಳು.

"ನೀವಿಬ್ರೂ ಮನೆಗೆ ಹೋಗಿ. ನಾನು ಹೋಗಿ ಬರ್ತೀನಿ."

"ಹೇಗೆ ಹೋಗ್ತೀಯಾ? ಕಾರ್ ಕೀ ನನ್ನ ಹತ್ರ ಇದೆ."

"ಇಟ್ಕೋ. ವಿಜಯನಗರದಿಂದ ಕೆಂಗೇರಿಗೆ ಮೆಟ್ರೋ ಇದೆ. ಅಲ್ಲಿಂದ ಬಸ್ಸಿದೆ. ಹೆಂಗಸರಿಗೆ ಬಸ್ಸು ಫ್ರೀ ಕಣಪ್ಪ."

"ನಾನೂ ಬರ್ತೀನಿ ಅಜ್ಜಿ!" ಎಂದು ಕೀರ್ತನಾ ಅವಳ ಕೈ ಹಿಡಿದಳು. ಎಲ್ಲರೂ ರಮ್ಯಳ ಕಡೆ ನೋಡಿದರು. ರಮ್ಯ ಗಂಡನ ಮುಖ ನೋಡಲಿಲ್ಲ. ಬಗ್ಗಿ ತನ್ನ ವ್ಯಾನಿಟಿ ಬ್ಯಾಗ್ ಎತ್ತಿ ಹೆಗಲಿಗೆ ಹಾಕಿಕೊಂಡು, "ಅತ್ತೆ, ಆಧಾರ್ ನನ್ನ ಫೋನಲ್ಲಿದೆ. ನಿಮ್ಮದು?" ಎಂದಳು.

"ಪರ್ಸಲ್ಲಿದೆ. ನಡಿ."

ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿತು. ಮೇಲಿನಿಂದ ಮೈಸೂರು ರಸ್ತೆ ಹಾದುಹೋಗುವಾಗ ಜಗದಾಂಬಾ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೆಳಗೆ ನೋಡಿದಳು. ಅವಳು ಕೆಲಸ ಮಾಡಿದ್ದ ಫ್ಯಾಕ್ಟರಿಯ ಜಾಗದಲ್ಲಿ ಯಾವುದೋ ಗೋಡೌನ್ ಎದ್ದಿತ್ತು. "ಅಲ್ಲೇ ನಾನು ದಿನಾ ಓಡ್ತಿದ್ದಿದ್ದು" ಎಂದು ರಮ್ಯಳಿಗೆ ತೋರಿಸಿದಳು. ಗೇಟಿನ ಕತೆ ಹೇಳಿದಳು, ಕಾಲು ಜಾರಿ ಲಾರಿಯ ಮುಂದೆ ಬಿದ್ದದ್ದು, ಎದ್ದು ಮತ್ತೆ ಓಡಿದ್ದು. ಮದುವೆಯಾಗಿ ಈ ಮನೆಗೆ ಬಂದು ಇಷ್ಟು ವರ್ಷಗಳಲ್ಲಿ ರಮ್ಯ ಇದನ್ನು ಕೇಳಿಯೇ ಇರಲಿಲ್ಲ. "ಇವರಿಗೆ ಗೊತ್ತಾ ಅತ್ತೆ?" ಎಂದಳು. "ಗಿರಿಗಾ? ಅವನು ಪಕ್ಕದ ಮನೇಲಿ ಅಳ್ತಾ ಇರ್ತಿದ್ದ" ಎಂದಳು ಜಗದಾಂಬಾ.

ಆಲದ ಮರದ ಕೆಳಗೆ ಭಾನುವಾರದ ಜನವಿತ್ತು. ಮೂವರೂ ನೆರಳಲ್ಲಿ ಕೂತು ಹೊಟ್ಟೆ ತುಂಬ ಚಿತ್ರಾನ್ನ ತಿಂದರು. ಕೈ ತೊಳೆಯುವಷ್ಟರಲ್ಲಿ ದೂರದಲ್ಲಿ ಕಾರು ನಿಂತಿತು. ಗಿರಿರಾಜ್ ಮುಂದೆ, ಚನ್ನಮಲ್ಲಪ್ಪ ಹಿಂದೆ, ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಬಂದರು. ಚನ್ನಮಲ್ಲಪ್ಪ ಶರ್ಟ್ ಬಿಚ್ಚಿಟ್ಟು ಬರೀ ಸ್ವೆಟರಿನಲ್ಲಿದ್ದ.

ಗಿರಿರಾಜ್ ತಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವಳ ಕಾಲ್ಬೆರಳಿನ ಗಾಯ ನೋಡಿದ. "ಅಮ್ಮಾ, ಮುಂದಿನ ಸಲ ನಿನ್ನ ಹೆಸರೂ ಹಾಕಿಸ್ತೀನಿ. ಶೂನೂ ತಗೊಳ್ಳೋಣ."

"ನೀನ್ ಹಾಕಿಸೋದು ಬೇಡ. ನಾನೇ ಹಾಕ್ಕೋತೀನಿ. ಫೋನಲ್ಲಿ ಹೇಗಂತ ಕೀರ್ತನಾ ಹೇಳ್ಕೊಡ್ತಾಳೆ. ಶೂ ಕೊಡಿಸು, ಬೇಡ ಅನ್ನಲ್ಲ."

ಚನ್ನಮಲ್ಲಪ್ಪ ಸ್ವಲ್ಪ ದೂರದಲ್ಲೇ ನಿಂತು ಗಂಟಲು ಸರಿಮಾಡಿಕೊಂಡ. "ನಮಗೇನಾದ್ರೂ ಉಳ್ಸಿದೀರಾ?"

"ಡಬ್ಬೀಲಿದೆ. ಬಡಿಸ್ಕೊಳ್ಳಿ."

ಅವಳು ನೆಲಕ್ಕೆ ಕೈಯೂರಿ ಎದ್ದಳು. ಮಂಡಿ ಲಟಕ್ಕೆಂದಿತು. ಕೀರ್ತನಾಳ ಹೆಗಲ ಮೇಲೆ ಒಂದು ಕೈಯಿಟ್ಟು, ಕುಂಟುತ್ತಾ, ಮರದ ಬಿಳಲುಗಳ ನಡುವಿನ ದಾರಿ ಹಿಡಿದಳು. ಎಲ್ಲಿ ಮೂಲ ಬೊಡ್ಡೆ, ಎಲ್ಲಿ ಕೊನೆ ಎಂದು ತಿಳಿಯದಂತೆ ಮರ ಹಬ್ಬಿತ್ತು. ಪೂರ್ತಿ ಸುತ್ತಿ ಬರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

"ಜಗದಾ," ಹಿಂದಿನಿಂದ ಚನ್ನಮಲ್ಲಪ್ಪ ಕೂಗಿದ, "ಉಪ್ಪಿನಕಾಯಿ ಎಲ್ಲಿಟ್ಟಿದೀಯೇ?"

"ಹುಡುಕಿ, ಸಿಗುತ್ತೆ" ಎಂದಳು ಜಗದಾಂಬಾ. ತಿರುಗಿ ನೋಡಲಿಲ್ಲ.